ಅಷ್ಟು ದೊಡ್ಡ ಸಮುದ್ರದಲ್ಲಿ ಎರಡು ಹಡಗು ಹೆಂಗೆ ಡಿಕ್ಕಿ ಹೊಡ್ಕೊಳ್ತವೆ?

ನಂದು ಹಡಗಲ್ಲಿ ಕೆಲಸ ಅಂತ ಗೊತ್ತಾದ್ರೆ ಸಾಕು, ಮದುವೆ ಮನೆ ಇರ್ಲಿ ರೈಲಿರ್ಲಿ, ಈ ಪ್ರಶ್ನೆ ಬಂದೇ ಬರುತ್ತೆ. ಅಷ್ಟು ಜಾಗ ಇದ್ದೂ ಗುದ್ದಿದಾರೆ ಅಂದ್ರೆ ನಿದ್ದೆ ಮಾಡ್ತಿದ್ರಾ ಅಂತಾರೆ. ನಾನು ಯಾವಾಗ್ಲೂ ಹೇಳೋದು ಎಂಪ್ರೆಸ್ ಆಫ್ ಐರ್ಲೆಂಡ್ ಅನ್ನೋ ಪ್ರಯಾಣಿಕರ ಹಡಗಿನ ವಿಷಯ, ಯಾಕಂದ್ರೆ ಅಲ್ಲಿ ಎರಡೂ ಹಡಗಿನ ಬ್ರಿಡ್ಜಲ್ಲಿ, ಅಂದ್ರೆ ಹಡಗು ನಡೆಸೋ ಜಾಗದಲ್ಲಿ, ಇದ್ದೋರು ಎಚ್ಚರವಾಗೇ ಇದ್ರು, ಒಬ್ಬರ ದೀಪ ಇನ್ನೊಬ್ಬರಿಗೆ ಕಂಡಿತ್ತು, ಆದ್ರೂ ಗುದ್ದಿದ್ದು.

1914ರ ಮೇ 29, ಬೆಳಗಿನ ಜಾವ 2 ಗಂಟೆ ಸುಮಾರು. ಕೆನಡಾದ ಸೇಂಟ್ ಲಾರೆನ್ಸ್ ನದಿ, ನದಿ ಅಂದ್ರೂ ಆ ಭಾಗದಲ್ಲಿ ಆಚೆ ದಡ ತುಂಬಾ ದೂರ. ಎಂಪ್ರೆಸ್ ಕ್ವಿಬೆಕ್‌ನಿಂದ ಲಿವರ್‌ಪೂಲ್‌ಗೆ ಹೊರಟಿತ್ತು, ರಿಮೂಸ್ಕಿ ಊರಿನ ಹತ್ರ, ನದಿಯಲ್ಲಿ ದಾರಿ ತೋರಿಸೋ ಪೈಲಟ್‌ನ ಇಳಿಸಿ ಮುಂದೆ ಬಂದಿತ್ತು, ಒಳಗೆ 1,477 ಜನ. ಎದುರಿಂದ ಬರ್ತಿದ್ದದ್ದು ನಾರ್ವೆಯ ಸ್ಟೋರ್‌ಸ್ಟಾಡ್, ಹೊಟ್ಟೆ ತುಂಬಾ ಕಲ್ಲಿದ್ದಲು.

ಇಲ್ಲೊಂದು ವಿಷಯ ಗೊತ್ತಿರ್ಬೇಕು. ಹಡಗಿನ ಎಡಗಡೆ ಕೆಂಪು ದೀಪ, ಬಲಗಡೆ ಹಸಿರು. ರಾತ್ರಿ ಎದುರಿನ ಹಡಗು ಎತ್ಲಾಗೆ ಮುಖ ಮಾಡಿದೆ ಅಂತ ಗೊತ್ತಾಗೋದು ಈ ಬಣ್ಣದಿಂದ್ಲೇ. ಎಂಪ್ರೆಸ್ ಕ್ಯಾಪ್ಟನ್ ಹೆನ್ರಿ ಕೆಂಡಾಲ್ ಹೇಳಿದ್ದು, ಹಸಿರಿಗೆ ಹಸಿರು ದಾಟೋ ಹಾಗಿತ್ತು, ಮಂಜು ಮುಚ್ಚಿದ ತಕ್ಷಣ ಎಂಜಿನ್ ರಿವರ್ಸ್ ಕೊಟ್ಟೆ, ಮೂರು ಸಲ ಸೀಟಿ ಹೊಡೆದೆ, ಹಡಗು ನಿಲ್ಲಿಸ್ದೆ ಅಂತ. ಸ್ಟೋರ್‌ಸ್ಟಾಡ್ ಚೀಫ್ ಆಫೀಸರ್ ಆಲ್ಫ್ರೆಡ್ ಟಾಫ್ಟೆನೆಸ್ ಹೇಳಿದ್ದು, ಇಲ್ಲ, ನಂಗೆ ಕಂಡಿದ್ದು ಕೆಂಪು, ಕೆಂಪಿಗೆ ಕೆಂಪು ದಾಟ್ಬೇಕಿತ್ತು. ಅದನ್ನೇ ನಂಬ್ಕೊಂಡು ಮಂಜಿನೊಳಗೆ ಅವ್ರು ಚುಕ್ಕಾಣಿ ಬಲಕ್ಕೆ ತಿರುಗಿಸಿದ್ರು, ಅದು ಸೀದಾ ಎಂಪ್ರೆಸ್‌ನ ಬಲ ಪಕ್ಕೆಗೆ ಹೋಗಿ ನುಗ್ತು.

ಕೆಂಡಾಲ್ ಮೆಗಾಫೋನ್‌ನಲ್ಲಿ ಆ ಹಡಗಿನೋರಿಗೆ ಕೂಗಿದ್ರಂತೆ, ಎಂಜಿನ್ ಮುಂದಕ್ಕೇ ಇಟ್ಕೊಳ್ಳಿ, ಹಿಂದೆ ಹೋಗ್ಬೇಡಿ ಅಂತ. ಯಾಕಂದ್ರೆ ಗುದ್ದಿದ ಮೂತಿ ತೂತಲ್ಲೇ ಇದ್ರೆ ನೀರು ಸ್ವಲ್ಪ ತಡೆಯುತ್ತೆ. ಆದ್ರೆ ಎರಡೂ ಬೇರೆಯಾಗೋದ್ವು. ನೀರು ತಡೆಯೋ ಬಾಗಿಲುಗಳನ್ನ ಮುಚ್ಚೋಕೆ ಪುರುಸೊತ್ತಾಗ್ಲಿಲ್ಲ, ಪೋರ್ಟ್‌ಹೋಲ್ (ಪಕ್ಕದ ದುಂಡು ಕಿಟಕಿ) ಎಷ್ಟೋ ತೆಗೆದೇ ಇದ್ವು, ಹಡಗು ವಾಲ್ತಿದ್ದಂಗೆ ಅಲ್ಲಿಂದ್ಲೂ ನೀರು. ಟೈಟಾನಿಕ್ ಆದ್ಮೇಲೆ ಲೈಫ್‌ಬೋಟ್ ಎಲ್ಲರಿಗೂ ಸಾಕಾಗೋಷ್ಟು ಇಟ್ಟಿದ್ರು ಸ್ವಾಮಿ, ಆದ್ರೆ ವಾಲಿದ ಹಡಗಿನ ಮೇಲಾದ ಪಕ್ಕದ ಬೋಟ್ ಇಳಿಸೋದು ಹೆಂಗೆ? 14 ನಿಮಿಷದಲ್ಲಿ ಎಲ್ಲ ಮುಗೀತು. ಸತ್ತೋರು 1,012. ಮಕ್ಕಳು 138 ಜನ ಇದ್ರು, ಉಳಿದಿದ್ದು 4. ಈ ನಂಬರ್ ಹೇಳುವಾಗ ಇವತ್ತಿಗೂ ನಂಗೆ ಗಂಟಲು ಕಟ್ಟುತ್ತೆ.

ಸರಿ, ತಪ್ಪು ಯಾರ್ದು ಅಂತೀರಾ? ಕೆನಡಾದಲ್ಲಿ ಬ್ರಿಟಿಷ್ ನ್ಯಾಯಾಧೀಶ ಲಾರ್ಡ್ ಮರ್ಸಿ ನಡೆಸಿದ ವಿಚಾರಣೆ ಸ್ಟೋರ್‌ಸ್ಟಾಡ್‌ನ ತಪ್ಪು ಅಂತು, ನಾರ್ವೆ ವಿಚಾರಣೆ ಕೆಂಡಾಲ್ ತಪ್ಪು ಅಂತು. ನನ್ನ ಪ್ರಕಾರ ಕೆಂಡಾಲ್, ಟಾಫ್ಟೆನೆಸ್ ಇಬ್ರೂ ಸುಳ್ಳು ಹೇಳಿದ್ರು ಅಂತೇನಿಲ್ಲ, ಮಂಜು ಬರೋ ಮುಂಚೆ ಕೊನೆಗೆ ಕಂಡಿದ್ದನ್ನೇ ಇಬ್ರೂ ನಿಜ ಅಂತ ಹಿಡ್ಕೊಂಡಿದ್ರು. ಆದ್ರೆ ಟಾಫ್ಟೆನೆಸ್ ಮಂಜು ಕಂಡ ಕೂಡ್ಲೇ ತಮ್ಮ ಕ್ಯಾಪ್ಟನ್‌ನ ಎಬ್ಬಿಸ್ಬೇಕಿತ್ತು, ಎದುರಿನ ಹಡಗು ಕಾಣ್ದೇ ಇರುವಾಗ ದಿಕ್ಕು ಬದಲಾಯಿಸ್ಲೇಬಾರ್ದಿತ್ತು. ಅಷ್ಟು ಮಾತ್ರ ನಾನು ಗಟ್ಟಿಯಾಗಿ ಹೇಳ್ತೀನಿ.

ಈಗ ರೇಡಾರ್ ಇದ್ಯಲ್ಲ ಅಂತ ಮುಂದಿನ ಪ್ರಶ್ನೆ. 1956ರ ಜುಲೈ 25ರ ರಾತ್ರಿ ಅಮೆರಿಕದ ನ್ಯಾಂಟಕೆಟ್ ದ್ವೀಪದ ಹತ್ರ ಆಂಡ್ರಿಯಾ ಡೋರಿಯಾ, ಸ್ಟಾಕ್‌ಹೋಮ್ ಅನ್ನೋ ಎರಡು ಹಡಗು ಗುದ್ದಿಕೊಂಡಾಗ ಎರಡರಲ್ಲೂ ರೇಡಾರ್ ಇತ್ತು, ಎರಡೂ ಹಡಗಿಗೆ ಇನ್ನೊಂದು ಪರದೆ ಮೇಲೆ ಕಾಣ್ತಾನೇ ಇತ್ತು. ಒಂದು ಎಡಕ್ಕೆ ತಿರುಗ್ತು, ಇನ್ನೊಂದು ಬಲಕ್ಕೆ, ಎದುರುಬದುರು ಬರೋವಾಗ ಅಂದ್ರೆ ಎರಡೂ ಒಂದೇ ಕಡೆಗೆ.