ಮೊದಲ ಇಬ್ಬರಿಗೆ ಮಾತ್ರ

ಇವತ್ತು ಟಪಾಲಲ್ಲಿ ಪ್ರೈಮರಿ, ಅಂದರೆ ಮೊದಲ ಸುತ್ತಿನ ಚುನಾವಣೆಯ, ಬ್ಯಾಲೆಟ್ ಬಂತು. ಊರಿಂದ ಬಂದಿರುವ ಅಮ್ಮ ಬಿಡಿಸಿ ನೋಡಿ, "ಇದೇನೋ, ಒಂದೇ ಪಾರ್ಟಿಯವರು ಇಷ್ಟೊಂದು ಜನ!" ಅಂದರು.

ಕ್ಯಾಲಿಫೋರ್ನಿಯಾದಲ್ಲಿ 2012ರಿಂದ ಹಾಗೇ. ಕಾಂಗ್ರೆಸ್ (ಅಮೆರಿಕದ ಸಂಸತ್ತು) ಸೀಟಿಗೆ ಎಲ್ಲ ಪಾರ್ಟಿಯವರೂ ಒಂದೇ ಪಟ್ಟಿಯಲ್ಲಿ. ಜಾಸ್ತಿ ವೋಟು ಬಂದ ಇಬ್ಬರು ನವೆಂಬರ್‌ ಚುನಾವಣೆಗೆ. ಇಬ್ಬರೂ ಒಂದೇ ಪಾರ್ಟಿಯಾದರೂ ಸರಿ.

ಮೊದಲ ವರ್ಷವೇ ಸ್ಯಾನ್ ಬರ್ನಾರ್ಡಿನೋ ಕಡೆಯ 31ನೇ ಕ್ಷೇತ್ರದಲ್ಲಿ ತಮಾಷೆ ಆಯ್ತು. ಡೆಮಾಕ್ರಟಿಕ್ ಒಲವಿನ ಜಾಗ. ಆದರೆ ಆ ಪಾರ್ಟಿಯ ನಾಲ್ವರು ನಿಂತು ವೋಟು ಹಂಚಿಹೋಯ್ತು. ರಿಪಬ್ಲಿಕನ್ನರು ಇದ್ದಿದ್ದೇ ಇಬ್ಬರು, ಇಬ್ಬರೂ ದಾಟಿಬಿಟ್ಟರು! ನವೆಂಬರ್‌ ಬ್ಯಾಲೆಟ್‌ನಲ್ಲಿ ಡೆಮಾಕ್ರಟರ ಹೆಸರೇ ಇಲ್ಲ. ಗ್ಯಾರಿ ಮಿಲ್ಲರ್ ಗೆದ್ದರು.

ಪದ್ಧತಿ ನನಗೇನೋ ಇಷ್ಟ. ಆದರೂ ನಮ್ಮ ಕಡೆಯ ಹೈಕಮಾಂಡ್ ಆಗಿದ್ದರೆ, ಆ ನಾಲ್ವರಲ್ಲಿ ಮೂವರ ನಾಮಪತ್ರ ವಾಪಸ್ ತೆಗೆಸಿರೋದು, ಅಲ್ವಾ?