ಮೂರು ತಿಂಗಳ ಗ್ರೀನ್ ಟೀ
ಮೂರು ತಿಂಗಳಿಂದ ದಿನಾ ಎರಡು ಕಪ್ ಗ್ರೀನ್ ಟೀ ಕುಡಿಯುತ್ತಿದ್ದೇನೆ. ತೂಕ ಹೆಚ್ಚೇನೂ ಇಳಿದಿಲ್ಲ. ಮೊದಲು ಬೇಜಾರಾಯಿತು. ಆಮೇಲೆ ಓದಿ ನೋಡಿದರೆ, ಇದೊಂದರಿಂದಲೇ ಇಳಿಯುವ ತೂಕ ತುಂಬಾ ಕಡಿಮೆಯಂತೆ.

ಆದರೂ ಬಿಟ್ಟಿಲ್ಲ. ಸಕ್ಕರೆ ಹಾಕಿದ ಟೀ ಜಾಗಕ್ಕೆ ಇದು ಬಂತು, ಅದೇ ದೊಡ್ಡ ಲಾಭ ಅಲ್ವಾ? ಎರಡೂ ಒಂದೇ ಗಿಡದ ಎಲೆ. ಕಿತ್ತ ಸ್ವಲ್ಪ ಹೊತ್ತಿನಲ್ಲೇ ಬಿಸಿ ತಾಗಿಸುವುದರಿಂದ ಇದು ಹಸಿರಾಗಿಯೇ ಉಳಿಯುತ್ತದೆ. ಕುದಿಯುವ ನೀರು ಸುರಿದರೆ ಕಹಿ ಜಾಸ್ತಿ. 80 ಡಿಗ್ರಿ ಸಾಕು, ಎರಡು ನಿಮಿಷ. ಊಟದ ಜೊತೆ ಮಾತ್ರ ಬೇಡ, ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆಯಾಗುತ್ತದೆ.

ನನಗೆ ನಿಜವಾಗಿ ಭಯ ಇರುವುದು ಗ್ರೀನ್ ಟೀ ಸಾರದ ಮಾತ್ರೆಗಳ ಬಗ್ಗೆ. ಡೋಸ್ ಜಾಸ್ತಿಯಾದರೆ ಲಿವರ್‌ಗೆ ಪೆಟ್ಟು ಬೀಳಬಹುದು. ತೂಕ ಇಳಿಸಲು ಅದನ್ನು ನುಂಗುತ್ತಿದ್ದರೆ ದಯವಿಟ್ಟು ಡಾಕ್ಟರನ್ನು ಒಮ್ಮೆ ಕೇಳಿ.