ಪಯಸ್ವಿನಿಯ ದಡಕ್ಕೆ ಹೊರಡುವವರಿಗೆ

ಬೇಕಲ ಕೋಟೆ, ಅನಂತಪುರದ ಸರೋವರ ಕ್ಷೇತ್ರ, ಮಧೂರು ದೇವಸ್ಥಾನ ನೋಡಿ ಕಾಸರಗೋಡು ಮುಗಿಯಿತು ಎನ್ನುವವರು ಒಮ್ಮೆ ಚೆರ್ಕಳದಲ್ಲಿ ಪೂರ್ವಕ್ಕೆ ತಿರುಗಬೇಕು. ಅಲ್ಲಿಂದ ಗಡಿಯಾಚೆ ಕರ್ನಾಟಕದ ಜಾಲ್ಸೂರಿಗೆ ಸುಮಾರು 40 ಕಿಲೋಮೀಟರ್ ದಾರಿ. ಬೋವಿಕ್ಕಾನ, ಮುಳ್ಳೇರಿಯ, ಆದೂರು ದಾಟುತ್ತಿದ್ದಂತೆ ಪೇಟೆಯ ಸದ್ದು ಕಳೆದು ಕಾಡು ರಸ್ತೆಗೆ ಒತ್ತಿಕೊಳ್ಳುತ್ತದೆ. ಕೊಡಗಿನ ಬೆಟ್ಟಗಳಿಂದ ಇಳಿದು, ಸುಳ್ಯವನ್ನು ಹಾದು ಬರುವ ಪಯಸ್ವಿನಿ ನದಿ ಕೇರಳಕ್ಕೆ ಕಾಲಿಡುವುದು ಇಲ್ಲಿಯೇ. ದೇಲಂಪಾಡಿ ಪಂಚಾಯತಿನ ಒಳಭಾಗದಲ್ಲಿ ನದಿ ಎಲ್ಲಿ ಮುಗಿದು ತೋಟ ಎಲ್ಲಿ ಶುರುವಾಯಿತು, ತೋಟ ಎಲ್ಲಿ ಮುಗಿದು ಕಾಡು ಎಲ್ಲಿ ಹತ್ತಿತು ಎಂದು ಹೊಸಬರಿಗೆ ಗುರುತೇ ಸಿಗುವುದಿಲ್ಲ. ಅಲ್ಲಿ ಕೆಲವು ದಿನ ಇದ್ದು ಬರಬೇಕೆಂದು ಕೇಳುವ ಗೆಳೆಯರಿಗೆ ನಾನು ಮೊದಲು ಹೇಳುವುದು ಇಷ್ಟು: ನಿಮ್ಮ ರಜೆ ನೋಡಿ ದಿನ ಗೊತ್ತು ಮಾಡಬೇಡಿ, ನದಿಯ ಕಾಲ ನೋಡಿ ಗೊತ್ತು ಮಾಡಿ.

ಈ ಸೀಮೆಯಲ್ಲಿ ವರ್ಷಕ್ಕೆ ಸುಮಾರು ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಹಳ್ಳಗಳು ಉಕ್ಕಿದರೆ ತಗ್ಗಿನ ಸೇತುವೆಗಳ ಮೇಲೆ ನೀರು ಹರಿಯುತ್ತದೆ, ಮರ ಬಿದ್ದು ವಿದ್ಯುತ್ ಹೋಗುತ್ತದೆ, ಮೊಬೈಲ್ ಸಂಕೇತವೂ ಅದರ ಹಿಂದೆಯೇ ಹೋಗುತ್ತದೆ. ಅಡಿಕೆ ಬೆಳೆಗಾರರಿಗೆ ಅದು ಕೊಳೆರೋಗದ ಆತಂಕದ ಕಾಲ. ಮಳೆ ಬಿಟ್ಟ ಒಂದೆರಡು ಗಂಟೆಯಲ್ಲಿ ಬೋರ್ಡೋ ದ್ರಾವಣ ಸಿಂಪಡಿಸುವ ಧಾವಂತ ಅವರದು. ಆಗ ನೆಂಟರಿಗೆ ಬಿಡುವು ಕೊಡುವುದು ಕಷ್ಟ. ನವೆಂಬರ್ ಕೊನೆಯಿಂದ ಫೆಬ್ರವರಿಯವರೆಗಿನ ಅವಧಿ ಉತ್ತಮ. ನೀರು ತಿಳಿಯಾಗಿರುತ್ತದೆ, ಅಂಗಳದಲ್ಲಿ ಅಡಿಕೆ ಹರಡಿರುತ್ತದೆ, ಬೆಳಗಿನ ಚಳಿಯೂ ಹಿತವಾಗಿರುತ್ತದೆ.

ಆ ದಿನಗಳಲ್ಲಿ ಹೋದರೆ ನೋಡಲೇಬೇಕಾದದ್ದು ಕಟ್ಟ ಕಟ್ಟುವ ಕೆಲಸ. ಮಳೆ ನಿಂತು ಹರಿವು ಇಳಿಯುತ್ತಿದ್ದಂತೆ ತೋಟದವರು ಸೇರಿ ತೋಡಿಗೆ, ಅಂದರೆ ಹಳ್ಳಕ್ಕೆ, ಅಡ್ಡಲಾಗಿ ಕಲ್ಲು ಮಣ್ಣಿನಿಂದ ತಾತ್ಕಾಲಿಕ ಒಡ್ಡು ಕಟ್ಟುತ್ತಾರೆ. ಈಗ ಕೆಲವೆಡೆ ಪ್ಲಾಸ್ಟಿಕ್ ಹಾಳೆಯನ್ನೂ ಬಳಸುತ್ತಾರೆ. ನಿಂತ ನೀರು ಎರಡೂ ದಡದ ತೋಟಗಳಿಗೆ ಹೋಗುವುದಲ್ಲದೆ ಸುತ್ತಲಿನ ಬಾವಿಗಳನ್ನೂ ಬೇಸಗೆಯವರೆಗೆ ಕಾಯುತ್ತದೆ. ಮುಂದಿನ ಮಳೆಗೆ ಒಡ್ಡು ಕೊಚ್ಚಿಹೋಗುತ್ತದೆ, ವರ್ಷವಾದ ಮೇಲೆ ಮತ್ತೆ ಕಟ್ಟಬೇಕು. ಕುಂಬ್ಡಾಜೆ ಪಂಚಾಯತಿನ ಏತಡ್ಕದ ಕಟ್ಟಗಳು ಇದಕ್ಕೇ ಹೆಸರಾದವು. ಕೊಳವೆಬಾವಿಗಳ ಈ ಕಾಲದಲ್ಲೂ ನೆರೆಮನೆಯವರು ಜೊತೆಯಾಗಿ ನೀರಿಗಿಳಿದು ಕಲ್ಲು ಹೊರುವುದನ್ನು ಕಂಡಾಗ ನನಗೆ ತುಂಬಾ ಗೌರವ ಮೂಡಿತು. ಒಂದು ಬುಟ್ಟಿ ಮಣ್ಣು ಹೊರಲು ನೀವೂ ಕೈ ಕೊಡಿ, ಬೇಡ ಎನ್ನುವವರಿಲ್ಲ.

ನೀರಿನ ಇನ್ನೊಂದು ಮೂಲ ಸುರಂಗ. ಮುರಕಲ್ಲಿನ ಗುಡ್ಡವನ್ನು ಅಡ್ಡಲಾಗಿ ಕೊರೆದು, ಒಳಗಿನ ಒರತೆಯನ್ನು ಪಂಪಿನ ಹಂಗಿಲ್ಲದೆ ಅಂಗಳಕ್ಕೆ ಹರಿಸುವ ವಿದ್ಯೆ ಇದು. ಒಬ್ಬ ಮನುಷ್ಯ ಬಾಗಿ ಹೋಗುವಷ್ಟು ಮಾತ್ರ ಅಗಲ, ಎತ್ತರ. ಉದ್ದವನ್ನು ಕೋಲಿನಲ್ಲಿ ಅಳೆಯುತ್ತಾರೆ. ಒಂದು ಕೋಲು ಎಂದರೆ ಸುಮಾರು ಎರಡೂವರೆ ಅಡಿ. ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆ ಇವು ಹೆಚ್ಚು. ಮನೆಯವರು ತೋರಿಸಿದರೆ ಬಾಯಿಯಲ್ಲಿ ನಿಂತು ನೋಡಿ, ಒಳಗೆ ಹೋಗುವ ಸಾಹಸ ಮಾಡಬೇಡಿ. ಉಸಿರಾಟಕ್ಕೆ ಗಾಳಿ ಸಾಲದೇ ಹೋಗಬಹುದು, ಮಣ್ಣೂ ಕುಸಿಯಬಹುದು.

ಹೋಗುವುದು ಸುಲಭ. ಕಾಸರಗೋಡು ರೈಲು ನಿಲ್ದಾಣದಲ್ಲಿ ಇಳಿದರೆ ಪೇಟೆಯಿಂದ ಮುಳ್ಳೇರಿಯ ಮಾರ್ಗವಾಗಿ ಸುಳ್ಯಕ್ಕೆ ಹೋಗುವ ಬಸ್‌ಗಳಿವೆ. ಮುಖ್ಯರಸ್ತೆ ಬಿಟ್ಟ ಮೇಲೆ ಮಾತ್ರ ಬಸ್ ಅಪರೂಪ. ಜೀಪು ಅಥವಾ ಆಟೋ ಹಿಡಿಯಬೇಕು. ಹಣ ತೆಗೆಯುವುದು, ಇಂಧನ ತುಂಬಿಸುವುದು, ಔಷಧ ಕೊಳ್ಳುವುದು ಎಲ್ಲವನ್ನೂ ಮುಳ್ಳೇರಿಯದಲ್ಲೇ ಮುಗಿಸಿ. ಒಳಗಿನ ಊರುಗಳಲ್ಲಿ ಮನೆಗಳು ಸಾಲಾಗಿ ಇರುವುದಿಲ್ಲ, ಒಂದೊಂದು ತೋಟದ ತಲೆಯಲ್ಲಿ ಒಂದೊಂದು ಮನೆ. ಮೊಬೈಲ್ ನಕ್ಷೆ ತೋರಿಸುವ ದಾರಿ ಎಷ್ಟೋ ಸಲ ಯಾರದೋ ಅಡಿಕೆ ತೋಟದ ನಡುವಿನ ಸಂಕದಲ್ಲಿ (ಕಾಲುಸೇತುವೆಯಲ್ಲಿ) ಕೊನೆಗೊಳ್ಳುತ್ತದೆ. ಆದುದರಿಂದ ಹೋಗುವ ಮನೆಯ ಹೆಸರು ಬರೆದುಕೊಂಡು ಅಂಗಡಿಯವರನ್ನು ಕೇಳಿ. ಕನ್ನಡದಲ್ಲೇ ಕೇಳಿ. ತುಳು, ಮಲಯಾಳಂ, ಹವ್ಯಕ, ಕರಾಡ, ಮರಾಟಿ ಎಲ್ಲವೂ ಇಲ್ಲಿ ಮನೆಮಾತುಗಳೇ. 1956ರಲ್ಲಿ ಈ ನೆಲ ಕೇರಳಕ್ಕೆ ಸೇರಿತು. ಗಡಿ ವಿವಾದದ ಬಗ್ಗೆ ಬಂದ 1967ರ ಮಹಾಜನ ಆಯೋಗದ ವರದಿ ನದಿಯ ಉತ್ತರದ ಭಾಗವನ್ನು ಕರ್ನಾಟಕಕ್ಕೆ ಕೊಡಬೇಕೆಂದಿತು. ಅದು ಕಡತದಲ್ಲೇ ಉಳಿಯಿತು. ಹಿರಿಯರ ಎದೆಯಲ್ಲಿ ಆ ನೋವು ಇನ್ನೂ ಇದೆ. ಕರ್ನಾಟಕದಿಂದ ಹೋದವರು ಆ ವಿಷಯವನ್ನು ತಾವಾಗಿ ಕೆದಕದೆ, ಅವರು ಹೇಳಿದಾಗ ಮನಸ್ಸಿಟ್ಟು ಕೇಳಬೇಕು. ಕನ್ನಡ ಶಾಲೆಗಳು ಉಳಿಯಲು ಅವರು ಪಡುವ ಪಾಡು ನಮಗೆ ತಿಳಿದಿರಲೇಬೇಕು.

ಉಳಿಯಲು ಹೋಟೆಲು ಹುಡುಕಬೇಡಿ. ಪರಿಚಯದ ಮೂಲಕ ಒಂದು ಕೃಷಿಕರ ಮನೆಯಲ್ಲಿ ವ್ಯವಸ್ಥೆ ಮಾಡಿಕೊಳ್ಳಿ, ಮೊದಲೇ ಫೋನ್ ಮಾಡಿ, ಎಷ್ಟು ಜನ ಎಂದು ಸರಿಯಾಗಿ ತಿಳಿಸಿ. ಜಗಲಿಯಲ್ಲಿ ಕೂತ ಕೂಡಲೇ ಆಸರಿಗೆ (ಬಾಯಾರಿಕೆಗೆ) ನೀರು, ಬೆಲ್ಲ ಬರುತ್ತದೆ, ಬೇಡ ಎನ್ನಬೇಡಿ. ಊಟದಲ್ಲಿ ಕುಚ್ಚಲಕ್ಕಿ ಅನ್ನ, ಪುನರ್ಪುಳಿ ಸಾರು, ತಂಬುಳಿ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆಯ ಪಲ್ಯ ಇರುತ್ತದೆ. ಆ ಸೊಳೆಯ ರುಚಿಗಾಗಿಯೇ ನಾನು ಮತ್ತೆ ಅಲ್ಲಿಗೆ ಹೋಗಬಲ್ಲೆ. ಪೇಟೆಯಿಂದ ಸಿಹಿಯ ಪೊಟ್ಟಣ ಒಯ್ಯುವ ಬದಲು ಮನೆಯ ಹಿರಿಯರಿಗೆ ಓದಲು ಪುಸ್ತಕ, ಮಕ್ಕಳಿಗೆ ಕನ್ನಡದ ಕಥೆಪುಸ್ತಕ ಒಯ್ಯಿರಿ. ಪ್ಲಾಸ್ಟಿಕ್ ಏನೇ ಒಯ್ದರೂ ವಾಪಸು ತನ್ನಿ.

ನದಿಗೆ ಇಳಿಯುವ ವಿಷಯದಲ್ಲಿ ನಾನು ಬಹಳ ನಿಷ್ಠುರ. ಬೇಸಗೆಯಲ್ಲಿ ಮೊಣಕಾಲು ಮಟ್ಟ ಎನಿಸುವ ನೀರಿನ ಪಕ್ಕದಲ್ಲೇ ಆಳದ ಕಯ, ಅಂದರೆ ಮಡು, ಇರುತ್ತದೆ. ಊರವರು ಎಲ್ಲಿ ಮೀಯುತ್ತಾರೋ ಅಲ್ಲೇ ಇಳಿಯಿರಿ, ಅವರು ಜೊತೆಗಿದ್ದರೆ ಮಾತ್ರ. ಮರಳ ದಿಬ್ಬಗಳನ್ನು ತುಳಿದು ಹಾಳುಮಾಡಬೇಡಿ. ಕ್ಯಾಂಟರ್ ಎಂಬ ಹೆಸರಿನ, ಒಂದು ಮೀಟರ್‌ವರೆಗೂ ಬೆಳೆಯಬಲ್ಲ ಮೃದುಚಿಪ್ಪಿನ ದೈತ್ಯ ಆಮೆ ಈ ನದಿಯಲ್ಲಿದೆ. ದಿನದ ಹೆಚ್ಚಿನ ಹೊತ್ತು ಮರಳಲ್ಲಿ ಹುದುಗಿಯೇ ಇರುವ ಪ್ರಾಣಿ ಅದು. ಮೊಟ್ಟೆಯಿಡುವುದೂ ದಡದ ಮರಳಿನಲ್ಲಿ. ಕಾಸರಗೋಡು ಜಿಲ್ಲೆ ಇದನ್ನು ತನ್ನ ಜಿಲ್ಲಾ ಜೀವಿಗಳಲ್ಲಿ ಒಂದೆಂದು ಘೋಷಿಸಿದೆ. ನೀರೇರಿದಾಗ ಮೊಟ್ಟೆಗಳನ್ನು ಕಾಪಾಡಲು ಸಂಶೋಧಕರ ಜೊತೆ ದುಡಿದವರು ಇಲ್ಲಿನ ಊರವರೇ.

ಸಂಜೆಯಾದ ಮೇಲೆ ದ್ವಿಚಕ್ರ ವಾಹನದಲ್ಲಿ ಒಳರಸ್ತೆಗಳಲ್ಲಿ ಓಡಾಡಬೇಡಿ. ಕರ್ನಾಟಕದ ಕಾಡಿನಿಂದ ಗಡಿ ದಾಟಿ ಬರುವ ಆನೆಗಳು ಬಾಳೆ, ತೆಂಗು, ಹಲಸಿಗಾಗಿ ತೋಟಕ್ಕೆ ನುಗ್ಗುತ್ತವೆ. ಸೌರ ತೂಗುಬೇಲಿ ಹಾಕಿದ ಕಡೆಯೂ ರೈತರು ನಿದ್ದೆಗೆಟ್ಟು ಕಾಯುವುದುಂಟು. ಒಂದು ರಾತ್ರಿಯಲ್ಲಿ ಹತ್ತು ವರ್ಷದ ತೆಂಗು ನೆಲಕ್ಕೊರಗಿದ ಮನೆಯಲ್ಲಿ ಆನೆ ನೋಡುವ ಆಸೆಯ ಮಾತಾಡುವುದು ನ್ಯಾಯವಲ್ಲ. ಉಂಬಳಗಳಿಗೆ (ಜಿಗಣೆಗಳಿಗೆ) ಉಪ್ಪು ಅಥವಾ ಸುಣ್ಣ ಸಾಕು. ಟಾರ್ಚ್, ಕೊಡೆ, ಜಾರದ ಚಪ್ಪಲಿ, ನಿಮ್ಮ ದಿನನಿತ್ಯದ ಮಾತ್ರೆ ಕೈಯಲ್ಲಿರಲಿ.

ಜನವರಿಯಿಂದ ಏಪ್ರಿಲ್ ನಡುವೆ ಹೋಗುವವರು ಸುತ್ತಮುತ್ತ ಒತ್ತೆಕೋಲ ಎಂಬ ದೈವಾರಾಧನೆ ಇದೆಯೇ ಎಂದು ವಿಚಾರಿಸಿ. ವಿಷ್ಣುಮೂರ್ತಿ ದೈವ ಕೆಂಡದ ರಾಶಿಗೆ ಬೀಳುವುದು ಬೆಳಗಿನ ಜಾವದಲ್ಲಿ. ರಾತ್ರಿಯಿಡೀ ಕೂರಲು ಸಿದ್ಧರಾಗಿ ಹೋಗಿ, ಚಿತ್ರ ತೆಗೆಯುವ ಮುನ್ನ ಕಾರ್ಯಕರ್ತರನ್ನು ಕೇಳಿ.

ಹಿಂದಿರುಗುವಾಗ ಕಾಸರಗೋಡಿಗೆ ಬರದೆ ಜಾಲ್ಸೂರು ಮೂಲಕ ಸುಳ್ಯಕ್ಕೆ ಹೋಗಿ. ಮಡಿಕೇರಿ ರಸ್ತೆಯಲ್ಲಿ ಸ್ವಲ್ಪ ಮುಂದೆ ಅರಂಬೂರಿದೆ. ತೂಗುಸೇತುವೆಗಳಿಗೆ ಹೆಸರಾದ ಎಂಜಿನಿಯರ್ ಗಿರೀಶ್ ಭಾರದ್ವಾಜ್ ತಮ್ಮ ಮೊದಲ ತೂಗುಸೇತುವೆಯನ್ನು 1989ರಲ್ಲಿ ಇದೇ ಪಯಸ್ವಿನಿಗೆ ಕಟ್ಟಿದ್ದು ಅಲ್ಲಿ. ನೋಡಿಕೊಂಡು ಸುಳ್ಯಕ್ಕೆ ಮರಳಿದರೆ ಮಂಗಳೂರು, ಮೈಸೂರು ಎರಡೂ ಕಡೆಗೆ ಬಸ್ ಸಿಗುತ್ತದೆ.